ನಿಜವೂ ಇರಲಿ, ಆಟವೂ ಓಡಲಿ: ರೋಲ್‌ಪ್ಲೇಯಿಂಗ್ ಆಟದ ನಿಯಮ ಬರೆಯುವವರಿಗೆ ಕೆಲವು ಸೂತ್ರಗಳು

ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್, ಕಥೆ ನಡೆಯುವ ಲೋಕ ಅವರ ಕೈಯಲ್ಲಿ. ಉಳಿದವರಿಗೆ ತಲೆಗೊಂದು ಪಾತ್ರ. 'ನಾನು ಕೋಟೆಗೋಡೆ ಹತ್ತುತ್ತೇನೆ' ಎಂದು ಒಬ್ಬ ಬಾಯಲ್ಲಿ ಹೇಳಿದರೆ ಸಾಕು. ಹತ್ತಿದನೋ ಬಿದ್ದನೋ ಎಂಬುದನ್ನು ದಾಳವೂ ನಿಯಮವೂ ಸೇರಿ ತೀರ್ಮಾನಿಸುತ್ತವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂದಾಗ ಈ ಬಗೆಯ ಆಟಕ್ಕೆ ಅಚ್ಚಾದ ರೂಪ ಸಿಕ್ಕಿತು. ಅದರ ಹಿಂದೆಯೇ ಒಂದು ವಾದವೂ ಶುರುವಾಯಿತು. ಕತ್ತಿಯೇಟು ಕತ್ತಿಯೇಟಿನಂತೆಯೇ ಇರಬೇಕು, ಹಸಿವು ದಣಿವು ಗಾಯ ಎಲ್ಲಕ್ಕೂ ಲೆಕ್ಕ ಬೇಕು ಎನ್ನುವವರು ಒಂದು ಕಡೆ. ಕೋಷ್ಟಕ ಮುಚ್ಚಿಡಿ, ಕಥೆ ಓಡಲಿ ಎನ್ನುವವರು ಇನ್ನೊಂದು ಕಡೆ.

ನನ್ನ ಮಟ್ಟಿಗೆ ಇದು ಅರ್ಧರ್ಧ ಹಂಚಿಕೊಂಡು ರಾಜಿಯಾಗುವ ವಿಷಯವಲ್ಲ. ಎಲ್ಲ ಕಡೆಯೂ ಅಷ್ಟಿಷ್ಟು ವಿವರ ಸುರಿದರೆ ನಿಜವೂ ಸಿಗುವುದಿಲ್ಲ, ಸರಳತೆಯೂ ಉಳಿಯುವುದಿಲ್ಲ. ವಿವರ ಬೇಕಾದ ಕಡೆ ಧಾರಾಳವಾಗಿ ಇರಬೇಕು, ಬೇಡದ ಕಡೆ ಒಂದೇ ಸಾಲಿನಲ್ಲಿ ಮುಗಿಯಬೇಕು. ಎಲ್ಲಿ ಬೇಕು ಎಂದು ಪತ್ತೆ ಹಚ್ಚುವುದೇ ನಿಯಮ ಬರೆಯುವವರ ನಿಜವಾದ ಕೆಲಸ. ಮೇಜಿನ ಮೇಲೆ ಆಡಲು ಸ್ವಂತ ಆಟ ಕಟ್ಟುತ್ತಿರುವವರಿಗೆ, ಇರುವ ಆಟಕ್ಕೆ ತಮ್ಮದೇ ನಿಯಮ ಸೇರಿಸುತ್ತಿರುವವರಿಗೆ ಈ ಸೂತ್ರಗಳು.

1. ಆಟ ಯಾವುದರ ಬಗ್ಗೆ ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ

ಸ್ಯಾಂಡಿ ಪೀಟರ್ಸನ್ ರಚಿಸಿ 1981ರಲ್ಲಿ ಬಂದ 'ಕಾಲ್ ಆಫ್ ಕ್ತುಲು' ಭಯದ ಆಟ. ಅಲ್ಲಿ ಮನಸ್ಸಿನ ಸ್ವಾಸ್ಥ್ಯಕ್ಕೆ 'ಸ್ಯಾನಿಟಿ' ಎಂಬ ಅಂಕವಿದೆ. ಕಾಣಬಾರದ್ದನ್ನು ಕಂಡಾಗಲೆಲ್ಲ ಅದು ಕರಗುತ್ತದೆ, ಒಮ್ಮೆಲೇ ಹೆಚ್ಚು ಕರಗಿದರೆ ಪಾತ್ರ ಹಿಡಿತ ತಪ್ಪುತ್ತದೆ. ವಿವರವೆಲ್ಲ ಅಲ್ಲಿ ಸೇರಿದೆ. ಗ್ರೆಗ್ ಸ್ಟಾಫರ್ಡ್ ಅವರ 'ಪೆಂಡ್ರ್ಯಾಗನ್' (1985) ಆರ್ಥರ್ ರಾಜನ ಕಾಲದ ಯೋಧರ ಕಥೆ. ಅದರಲ್ಲಿ ಕರುಣೆಗೆ ಎದುರಾಗಿ ಕ್ರೌರ್ಯ, ಶೌರ್ಯಕ್ಕೆ ಎದುರಾಗಿ ಪುಕ್ಕಲುತನ, ಹೀಗೆ 13 ಜೋಡಿ ಗುಣಗಳಿವೆ. ಪ್ರತಿ ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಸಾಹಸ ಸಾಮಾನ್ಯವಾಗಿ ವರ್ಷಕ್ಕೊಂದೇ, ಆಮೇಲೆ ಚಳಿಗಾಲದ ಲೆಕ್ಕ: ಜಮೀನು, ಮದುವೆ, ಮಕ್ಕಳು, ಮುಪ್ಪು. ಒಂದು ವಂಶದ ಬದುಕು ಹೀಗೇ ಇರುತ್ತದೆ ಎನಿಸುವ ಹಾಗೆ ಆ ಆಟ ಸಾಗುತ್ತದೆ. ಎರಡೂ ಆಟಗಳು ತಮಗೆ ಬೇಕಾದ ನಿಜವನ್ನು ಮೊದಲೇ ಆರಿಸಿಕೊಂಡಿವೆ.

ನಿಮ್ಮ ವಾಕ್ಯ 'ಬರಗಾಲದಲ್ಲಿ ಊರು ಬಿಟ್ಟು ಹೊರಟವರ ಕಥೆ' ಎಂದಾದರೆ ನೀರಿನ ನಿಯಮ ಎರಡು ಪುಟ ಇರಲಿ, ಕತ್ತಿಯ ನಿಯಮ ಎರಡು ಸಾಲಿನಲ್ಲಿ ಮುಗಿಯಲಿ.

2. ನಿರ್ಧಾರ ಬದಲಿಸದ ನಿಯಮವನ್ನು ಕಿತ್ತುಹಾಕಿ

ನಾನು ಬೇರೆಲ್ಲ ಸೂತ್ರಕ್ಕಿಂತ ಹೆಚ್ಚು ನಂಬಿರುವುದು ಇದನ್ನು. ಒಂದು ನಿಯಮ ಇದ್ದರೆ ಆಟಗಾರ ಒಂದು ರೀತಿ ಮಾಡುತ್ತಾನೆ, ಇಲ್ಲದಿದ್ದರೆ ಇನ್ನೊಂದು ರೀತಿ ಮಾಡುತ್ತಾನೆ ಎಂದಾದರೆ ಅದು ಉಳಿಯಲಿ. ಇದ್ದರೂ ಇಲ್ಲದಿದ್ದರೂ ಅದೇ ಕೆಲಸ ಮಾಡುತ್ತಾನೆ ಎಂದಾದರೆ ಅದು ಎಷ್ಟೇ ನಿಜವಾಗಿದ್ದರೂ ಬೇಡ.

ಆಷಾಢದ ಮಳೆಯಲ್ಲಿ ಘಟ್ಟ ಇಳಿಯುವ ಮೂವರ ಕಥೆಯನ್ನು ನೀವು ಆಟವಾಗಿಸುತ್ತಿದ್ದೀರಿ ಎಂದುಕೊಳ್ಳಿ. ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ, ಇಳಿಜಾರು ಎಷ್ಟು ಡಿಗ್ರಿ, ಅದರಿಂದ ನಡಿಗೆಯ ವೇಗ ಶೇಕಡಾ ಎಷ್ಟು ಕಡಿಮೆ ಎಂದು ಕೋಷ್ಟಕ ಬರೆಯಬಹುದು. ಲೆಕ್ಕ ಸರಿಯಾಗಿಯೇ ಇರುತ್ತದೆ. ಆಟಗಾರರು ಬಂದ ಸಂಖ್ಯೆಯನ್ನು ಹಾಳೆಯಲ್ಲಿ ಬರೆದುಕೊಂಡು ಮೊದಲಿನಂತೆಯೇ ಮುಂದೆ ಹೋಗುತ್ತಾರೆ.

ಅದರ ಬದಲು ಹೊರಡುವ ಮೊದಲೇ ಪ್ರತಿಯೊಬ್ಬರೂ ಒಂದನ್ನು ಆರಿಸಬೇಕೆನ್ನಿ: ಕೊಡೆ, ಗೊರಬು, ಇಲ್ಲವೇ ಕಂಬಳಿ ಕೊಪ್ಪೆ. ಕೊಡೆ ಹಿಡಿದವನಿಗೆ ಒಂದು ಕೈ ಹೋಯಿತು, ಕಾಲುಸಂಕ ದಾಟುವಾಗ ಹಿಡಿದುಕೊಳ್ಳಲು ಇನ್ನೊಂದೇ ಕೈ. ಗೊರಬು ಹೊತ್ತವನಿಗೆ ಎರಡೂ ಕೈ ಬಿಡುವು, ಆದರೆ ಬಿದಿರು ಹಿಂಡಲಿನಲ್ಲಿ ನುಸುಳಿ ಅಡಗಲು ಆಗದು. ಕಂಬಳಿ ಬೆಚ್ಚಗಿದೆ, ರಾತ್ರಿ ಹೊದೆಯಲೂ ಆಗುತ್ತದೆ, ನೆನೆದರೆ ಹೊರಲಾರದ ಭಾರ. ಮೈಯ ಸ್ಥಿತಿಗೆ ಮೂರೇ ಹಂತ ಇಡಿ: ಒಣ, ಒದ್ದೆ, ತೊಯ್ದು ತೊಪ್ಪೆ. ಮೂರನೆಯ ಹಂತಕ್ಕೆ ಬಂದವನು ಬೆಂಕಿ ಕಾಯಿಸಿಕೊಳ್ಳದೆ ಮಲಗಿದರೆ ಮರುದಿನ ಜ್ವರ. ಬೆಂಕಿ ಹಾಕಿದರೆ ಬೆನ್ನಟ್ಟಿ ಬರುವವರಿಗೆ ಹೊಗೆ ಕಾಣುತ್ತದೆ. ಇಲ್ಲಿ ಒಂದೂ ಕೋಷ್ಟಕವಿಲ್ಲ. ಆದರೂ ಆ ಮೂವರು ಘಟ್ಟದ ಮಳೆಯಲ್ಲಿ ಸಿಕ್ಕಿಕೊಂಡವರು ಯೋಚಿಸುವ ಹಾಗೆಯೇ ಯೋಚಿಸುತ್ತಾರೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಗೈಗ್ಯಾಕ್ಸ್ ಬರೆದ 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್'ನಲ್ಲಿ ಯಾವ ಆಯುಧ ಯಾವ ಕವಚದ ಮೇಲೆ ಎಷ್ಟು ಪರಿಣಾಮಕಾರಿ ಎಂಬ ದೊಡ್ಡ ಕೋಷ್ಟಕವಿತ್ತು. ಇತಿಹಾಸ ಓದಿದವರಿಗೆ ಅದು ಇಷ್ಟವಾಗುವಂಥದ್ದೇ. ಆದರೆ ರಾಕ್ಷಸನ ಎದುರು ನಿಂತವನು ಕೈಯಲ್ಲಿರುವ ಆಯುಧದಿಂದಲೇ ಹೊಡೆಯುತ್ತಾನೆ, ಕೋಷ್ಟಕ ನೋಡಿ ಬದಲಿಸುವುದಿಲ್ಲ. 1989ರ ಎರಡನೇ ಆವೃತ್ತಿಯಲ್ಲಿ ಆ ಕೋಷ್ಟಕ ಕೊಚ್ಚುವ, ಚುಚ್ಚುವ, ಜಜ್ಜುವ ಎಂಬ ಮೂರು ಬಗೆಗೆ ಇಳಿಯಿತು, ಅದೂ ಬೇಕಾದವರಿಗೆ ಮಾತ್ರ.

ಇದಕ್ಕೆ ಎದುರಾಗಿ ಮಾರ್ಕ್ ಮಿಲ್ಲರ್ ಅವರ 'ಟ್ರಾವೆಲರ್' (1977) ನೋಡಿ. ಬಾಹ್ಯಾಕಾಶ ಸಾಹಸದ ಈ ಆಟದಲ್ಲಿ ಪಾತ್ರ ಕಟ್ಟುವುದೆಂದರೆ ಆ ಪಾತ್ರ ಸೇನೆಯಲ್ಲೋ ವ್ಯಾಪಾರದಲ್ಲೋ ಕಳೆದ ವರ್ಷಗಳನ್ನು ನಾಲ್ಕು ನಾಲ್ಕು ವರ್ಷದ ಅವಧಿಯಾಗಿ ದಾಟಿಸುವುದು. ಪ್ರತಿ ಅವಧಿಗೂ ಹೊಸ ಕೌಶಲ ಸಿಗುತ್ತದೆ, ಪ್ರತಿ ಅವಧಿಗೂ ಬದುಕುಳಿಯಲು ದಾಳ ಉರುಳಿಸಬೇಕು. ದಾಳ ಕೈಕೊಟ್ಟರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತಿತು. ಇನ್ನೊಂದು ಅವಧಿ ಉಳಿಯಲೇ, ರಾಜೀನಾಮೆ ಕೊಡಲೇ ಎಂದು ಆಟಗಾರ ಒದ್ದಾಡುತ್ತಾನೆ. ಒಂದು ಸಣ್ಣ ನಿಯಮ ಒಂದಿಡೀ ವೃತ್ತಿಜೀವನದ ಆತಂಕವನ್ನು ತಂದುಕೊಡುತ್ತದೆ.

3. ಫಲಿತಾಂಶ ನಂಬುವಂತಿರಲಿ

ಲೀಡಿಂಗ್ ಎಡ್ಜ್ ಗೇಮ್ಸ್ 1986ರಲ್ಲಿ ಹೊರತಂದ 'ಫೀನಿಕ್ಸ್ ಕಮಾಂಡ್' ಬಂದೂಕಿನ ಕಾಳಗದ ನಿಯಮಗಳಿಗೆ ಹೆಸರಾದದ್ದು. ಗುಂಡು ದೇಹದ ಯಾವ ಭಾಗಕ್ಕೆ ಹೊಕ್ಕಿತು, ಕವಚವನ್ನು ತೂರಿತೇ, ಒಳಗೆ ಏನಾಯಿತು ಎಂಬುದಕ್ಕೆಲ್ಲ ಕೋಷ್ಟಕದ ಮೇಲೆ ಕೋಷ್ಟಕ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಗುಂಡಿನ ಚಕಮಕಿ ಮೇಜಿನ ಮೇಲೆ ಬಹಳ ಹೊತ್ತು ಎಳೆಯುತ್ತದೆ. ಭಯ, ಗಡಿಬಿಡಿ, ಯೋಚಿಸಲು ಸಮಯವಿಲ್ಲದಿರುವುದು, ಕಾಳಗದ ಅತಿ ನಿಜವಾದ ಗುಣಗಳೇ ಇವು. ಲೆಕ್ಕ ಹೆಚ್ಚಿದಷ್ಟೂ ಅವೇ ಕಳೆದುಹೋಗುತ್ತವೆ.

ಹಿಟ್ ಪಾಯಿಂಟ್ ಇದಕ್ಕೆ ತದ್ವಿರುದ್ಧ. ಏಟು ಬಿದ್ದಷ್ಟೂ ಒಂದು ಸಂಖ್ಯೆ ಕಡಿಮೆಯಾಗುತ್ತದೆ, ಸೊನ್ನೆಗೆ ಇಳಿಯುವವರೆಗೂ ಮನುಷ್ಯ ಗಟ್ಟಿಯಾಗಿಯೇ ನಿಂತಿರುತ್ತಾನೆ. ಇದು ನಿಜವಲ್ಲ ಎಂಬ ದೂರು ಮೊದಲಿನಿಂದಲೂ ಇದೆ. ಅನುಭವಿ ವೀರನ ಹಿಟ್ ಪಾಯಿಂಟ್ ಬರೀ ಮೈಯ ತಾಳಿಕೆಯಲ್ಲ, ಅದರಲ್ಲಿ ಚಾಕಚಕ್ಯ, ಅದೃಷ್ಟ, ದೈವಬಲವೂ ಸೇರಿದೆ ಎಂದು ಗೈಗ್ಯಾಕ್ಸ್ 1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ವಿವರಿಸಿದರು. ಕತ್ತಿ ಕಾಳಗಕ್ಕೆ ಆ ವಿವರಣೆ ಸಾಕು.

ಎತ್ತರದಿಂದ ಬೀಳುವಾಗ ಮಾತ್ರ ಅದು ಸಾಲದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯ ಪ್ರಕಾರ ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು, ಗರಿಷ್ಠ 20 ದಾಳ. ಸರಾಸರಿ 70, ಎಲ್ಲ ದಾಳವೂ ಆರೇ ಬಿದ್ದರೆ 120. ಹದಿನೈದನೇ ಮಟ್ಟದ ಗಟ್ಟಿಮುಟ್ಟಾದ ಯೋಧನಿಗೆ 150ಕ್ಕೂ ಹೆಚ್ಚು ಹಿಟ್ ಪಾಯಿಂಟ್ ಇರಬಹುದು. ಅವನು ಮೋಡದಿಂದ ಬಿದ್ದರೂ ಸಾಯುವುದಿಲ್ಲ, ಅದು ಅವನಿಗೂ ಗೊತ್ತು. ಹಾಗಾಗಿ ಮೆಟ್ಟಿಲು ಇಳಿಯುವ ಬದಲು ಕೋಟೆಯ ಬುರುಜಿನಿಂದ ಹಾರುತ್ತಾನೆ. ನಿಜ ಕೆಟ್ಟುಹೋಗುವುದು ಇಂಥ ಕಡೆ, ಮನುಷ್ಯರು ಮಾಡದ ಕೆಲಸವನ್ನು ನಿಯಮವೇ ಮಾಡಿಸಿದಾಗ. ರಿಪೇರಿಗೆ ಭೌತಶಾಸ್ತ್ರ ಬೇಕಿಲ್ಲ. '60 ಅಡಿಗಿಂತ ಮೇಲಿನಿಂದ ಬಿದ್ದವನಿಗೆ ಹಿಟ್ ಪಾಯಿಂಟ್ ಲೆಕ್ಕವಿಲ್ಲ, ಬದುಕಿದರೂ ಕಾಲು ಮುರಿದಿರುತ್ತದೆ' ಎಂಬ ಒಂದು ಸಾಲು ಸಾಕು. ಬುರುಜಿನ ತುದಿಯಲ್ಲಿ ನಿಂತವನು ಕೆಳಗೆ ನೋಡಿ ಹಿಂದೆ ಸರಿಯುತ್ತಾನೆ.

4. ದಾಳ ಎಷ್ಟು ಸಲ ಉರುಳುತ್ತದೆ, ಎಣಿಸಿ

'ರೂನ್‌ಕ್ವೆಸ್ಟ್' (1978) ಬರೆದ ಸ್ಟೀವ್ ಪೆರಿನ್, ಮಧ್ಯಯುಗದ ಕಾಳಗವನ್ನು ಕವಚ ತೊಟ್ಟು ಆಡುತ್ತಿದ್ದ ಎಸ್‌ಸಿಎ ಎಂಬ ಸಂಘದ ಒಡನಾಟದಲ್ಲಿದ್ದವರು. ಆ ಅನುಭವ ನಿಯಮದಲ್ಲಿ ಎದ್ದು ಕಾಣುತ್ತದೆ. ಹೊಡೆಯಲು ಒಂದು ದಾಳ, ಎದುರಾಳಿ ತಡೆಯಲು ಇನ್ನೊಂದು, ಏಟು ಮೈಯ ಯಾವ ಭಾಗಕ್ಕೆ ಎಂದು ಮತ್ತೊಂದು, ಪೆಟ್ಟು ಎಷ್ಟು ಎಂದು ಮಗದೊಂದು. ಆಮೇಲೆ ಆ ಭಾಗದ ಕವಚದಷ್ಟು ಕಳೆಯಬೇಕು. ಇಬ್ಬರ ದ್ವಂದ್ವಯುದ್ಧಕ್ಕೆ ಇದು ಅದ್ಭುತ. ಕತ್ತಿ ಗುರಾಣಿಗೆ ತಾಗಿದ ಸದ್ದು ಕೇಳಿಸಿದಂತಿರುತ್ತದೆ.

ನಾಲ್ವರು ಆಟಗಾರರ ಮೇಲೆ ಆರು ಜನ ದರೋಡೆಕೋರರು ಮುಗಿಬಿದ್ದರೆ? ಹತ್ತು ಹೊಡೆತ, ಹೊಡೆತಕ್ಕೆ ನಾಲ್ಕು ಸಲ ದಾಳ, ಒಟ್ಟು 40. ಒಂದೊಂದಕ್ಕೆ 15 ಸೆಕೆಂಡ್ ಹಿಡಿದರೂ ಒಂದು ಸುತ್ತಿಗೆ 10 ನಿಮಿಷ. ತನ್ನ ಸರದಿ ಮುಗಿಸಿದವನು ಮತ್ತೆ ಸರದಿ ಬರುವವರೆಗೆ ಒಂಬತ್ತು ನಿಮಿಷ ಸುಮ್ಮನೆ ಕೂರಬೇಕು. ಅಷ್ಟರಲ್ಲಿ ಫೋನು ಕೈಗೆ ಬರುತ್ತದೆ.

ಇನ್ನೊಂದು ಅಪಾಯ ಗುಣಾಕಾರದ್ದು. ಹೊಡೆಯುವವನು ಶೇ 60 ಸಲ ಗುರಿ ಮುಟ್ಟುತ್ತಾನೆ, ತಡೆಯುವವನೂ ಶೇ 60 ಸಲ ತಡೆಯುತ್ತಾನೆ ಎಂದಾದರೆ ಏಟು ತಗಲುವುದು ಶೇ 24 ಸಲ ಮಾತ್ರ. ನಾಲ್ಕರಲ್ಲಿ ಮೂರು ಸರದಿ ಏನೂ ಆಗದೆ ಕಳೆಯುತ್ತದೆ. ಒಂದೊಂದು ಸಂಖ್ಯೆಯನ್ನು ಬಿಡಿಬಿಡಿಯಾಗಿ ನೋಡಿದಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಕ್ರಿಸ್ ಮೆಕ್‌ಡೋವಲ್ ಅವರ 'ಇನ್‌ಟು ದಿ ಆಡ್' (2014) ಗುರಿ ಮುಟ್ಟುವ ದಾಳವನ್ನೇ ತೆಗೆದುಹಾಕಿತು. ಆಯುಧ ಎತ್ತಿದವನು ನೇರ ಪೆಟ್ಟಿನ ದಾಳ ಉರುಳಿಸುತ್ತಾನೆ, ಕವಚದಷ್ಟು ಕಳೆಯುತ್ತಾನೆ, ಮುಗಿಯಿತು. ಕಾಳಗ ಎಷ್ಟು ಮಾರಕವಾಯಿತೆಂದರೆ ಆಟಗಾರರು ಎದುರೆದುರು ನಿಲ್ಲುವುದನ್ನೇ ಬಿಟ್ಟು ಹೊಂಚು ಹಾಕಲು, ಮಾತಾಡಿ ಪಾರಾಗಲು, ಓಡಲು ನೋಡುತ್ತಾರೆ. ಜೀವದ ಮೇಲೆ ಆಸೆ ಇರುವವರು ಮಾಡುವುದೂ ಅದನ್ನೇ.

5. ಗಣಿತ ಪುಸ್ತಕದಲ್ಲೇ ಮುಗಿದಿರಲಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎರಡನೇ ಆವೃತ್ತಿಯಲ್ಲಿ 'ಥ್ಯಾಕೊ' ಎಂಬ ಲೆಕ್ಕವಿತ್ತು. ಕವಚದ ಅಂಕ ಇಳಿದಷ್ಟೂ ಕವಚ ಗಟ್ಟಿ. ನಿಮ್ಮ ಥ್ಯಾಕೊ 17, ಎದುರಾಳಿಯ ಕವಚ 4 ಆದರೆ ಅದರಿಂದ ಇದನ್ನು ಕಳೆದು, 20 ಮುಖದ ದಾಳದಲ್ಲಿ ಕನಿಷ್ಠ 13 ಬೀಳಬೇಕು. ಕವಚ ಋಣ 2 ಆದರೆ 19 ಬೇಕು. 2000ದ ಮೂರನೇ ಆವೃತ್ತಿ ಇದನ್ನು ತಿರುಗಿಸಿತು. ಮೊದಲ ಉದಾಹರಣೆಯನ್ನೇ ಹಿಡಿದರೆ: ದಾಳಕ್ಕೆ 3 ಕೂಡಿ, 16 ಮುಟ್ಟಿದರೆ ಏಟು ತಗುಲಿತು. ಸಾಧ್ಯತೆ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಕಳೆಯುವ ಲೆಕ್ಕ ಹೋಗಿ ಕೂಡುವ ಲೆಕ್ಕ ಬಂತು, ಅಷ್ಟೇ. ಹೊಸಬರಿಗೆ ಅದು ಎಷ್ಟು ದೊಡ್ಡ ಉಪಕಾರ ಎಂಬುದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರಿಗೆ ಗೊತ್ತು.

ಕೋಷ್ಟಕ ಎಂದ ಕೂಡಲೇ ನಿಧಾನ ಎಂದುಕೊಳ್ಳುವುದೂ ತಪ್ಪು. 'ರೋಲ್‌ಮಾಸ್ಟರ್' ಸರಣಿಯ 'ಆರ್ಮ್ಸ್ ಲಾ' (1980) ಒಂದೊಂದು ಆಯುಧಕ್ಕೂ ಒಂದೊಂದು ಕೋಷ್ಟಕ ಕೊಟ್ಟಿತು, ಅಡ್ಡಕ್ಕೆ 20 ಬಗೆಯ ಕವಚ. ನೂರರ ದಾಳ ಒಮ್ಮೆ ಉರುಳಿಸಿ ಒಮ್ಮೆ ನೋಡಿದರೆ ಗುರಿ, ಕವಚ, ಪೆಟ್ಟು ಮೂರೂ ಒಟ್ಟಿಗೆ ಸಿಗುತ್ತವೆ. ಲೆಕ್ಕವನ್ನು ಬರೆದವರೇ ಮೊದಲು ಮಾಡಿಟ್ಟಿದ್ದಾರೆ. ಬೇಸರ ಬರುವುದು ಆ ಹಾಳೆ ದಪ್ಪ ಪುಸ್ತಕದೊಳಗೆ ಎಲ್ಲೋ ಇದ್ದಾಗ. ಕೋಷ್ಟಕ ಬೇಕೇ ಬೇಕಾದರೆ ಅದನ್ನು ಆಟಗಾರನ ಪಾತ್ರದ ಹಾಳೆಯ ಹಿಂದೆಯೇ ಅಚ್ಚು ಹಾಕಿಸಿ.

6. ಒಂದು ಕೂಡು, ಎರಡು ಕಳೆ ಎಂಬ ಚಿಲ್ಲರೆ ಬೇಡ

ಎತ್ತರದಲ್ಲಿ ನಿಂತರೆ ಒಂದು ಕೂಡು, ಇಬ್ಬರು ಎರಡು ಬದಿಯಿಂದ ಸುತ್ತುವರಿದರೆ ಎರಡು ಕೂಡು. ಮೂರನೇ ಆವೃತ್ತಿಯಲ್ಲಿ ಇಂಥವು ಹತ್ತಾರು. ದಾಳ ಬಿದ್ದ ಮೇಲೂ 'ಅಯ್ಯೋ, ಅದನ್ನು ಕೂಡಲಿಲ್ಲ' ಎಂದು ಯಾರಾದರೂ ನೆನಪಿಸುತ್ತಿದ್ದರು. ಐದನೇ ಆವೃತ್ತಿ ಬಹುಪಾಲು ಇಂಥವನ್ನು ಒಂದೇ ಉಪಾಯದಲ್ಲಿ ಸೇರಿಸಿತು: ಅನುಕೂಲ ಇದ್ದರೆ 20 ಮುಖದ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿ, ಅನನುಕೂಲ ಇದ್ದರೆ ಸಣ್ಣದನ್ನು ಹಿಡಿ. 11 ಬೇಕಾದವನಿಗೆ ಶೇ 50ರ ಅವಕಾಶ ಅನುಕೂಲದಿಂದ 75ಕ್ಕೆ ಏರುತ್ತದೆ, ಅನನುಕೂಲದಿಂದ 25ಕ್ಕೆ ಇಳಿಯುತ್ತದೆ. 20 ಮಾತ್ರ ಬೇಕಾದವನಿಗೆ ಶೇ 5 ಇದ್ದದ್ದು 9.75 ಆಗುತ್ತದೆ. ಅಸಾಧ್ಯಕ್ಕೆ ಹತ್ತಿರವಾದದ್ದು ಅನುಕೂಲವಿದ್ದರೂ ಸುಲಭವಾಗುವುದಿಲ್ಲ. ಈ ನಯವಾದ ಗಣಿತ ಆಟಗಾರನಿಗೆ ತಿಳಿಯಬೇಕಾಗಿಯೇ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಬಂದ ನಿಯಮಗಳಲ್ಲಿ ನನಗೆ ಅತಿ ಜಾಣ ಎನಿಸಿದ್ದು ಇದು.

7. ಹೊರೆಯ ಲೆಕ್ಕದಲ್ಲೇ ನಿಮ್ಮ ಕೈಚಳಕ ತೋರಿಸಿ

ಯಾರು ಎಷ್ಟು ಹೊರಬಲ್ಲರು? ಆಟಗಾರರು ಅತಿ ಹೆಚ್ಚು ಮರೆಯುವ ನಿಯಮ ಇದೇ. ಗೈಗ್ಯಾಕ್ಸ್ ಅವರ 'ಅಡ್ವಾನ್ಸ್‌ಡ್' ಆವೃತ್ತಿ ಸಾಮಾನಿನ ತೂಕವನ್ನು ಚಿನ್ನದ ನಾಣ್ಯದ ಲೆಕ್ಕದಲ್ಲಿ ಕೊಟ್ಟಿತ್ತು, 10 ನಾಣ್ಯಕ್ಕೆ ಒಂದು ಪೌಂಡ್. ಐದನೇ ಆವೃತ್ತಿಯಲ್ಲಿ ಪಾತ್ರದ ಬಲವನ್ನು 15ರಿಂದ ಗುಣಿಸಿದಷ್ಟು ಪೌಂಡ್ ಹೊರಬಹುದು. ಎರಡಕ್ಕೂ ಪ್ರತಿ ಹಗ್ಗ, ಪ್ರತಿ ಪಂಜು, ಪ್ರತಿ ಬುತ್ತಿಗೆ ಕೂಡಿ ಕಳೆಯಬೇಕು. ಹಾಗಾಗಿ ಯಾರೂ ಮಾಡುವುದಿಲ್ಲ. ಯಾರೂ ಮಾಡದಿದ್ದಾಗ ನಾಲ್ಕು ಜನ ಒಂದು ನಿಧಿಯನ್ನೇ ಹೆಗಲಿಗೇರಿಸಿಕೊಂಡು ಗುಹೆಯಿಂದ ನಗುತ್ತ ಹೊರಬರುತ್ತಾರೆ.

ಹೊರೆಯನ್ನು ಕೈಬಿಡಬೇಡಿ. ಅಳತೆಯನ್ನು ದಪ್ಪ ಮಾಡಿ. ಪಾತ್ರದ ಹಾಳೆಯಲ್ಲಿ ಹತ್ತು ಚೌಕ ಬರೆಯಿರಿ. ಒಂದು ಸಾಮಾನಿಗೆ ಒಂದು ಚೌಕ, ದೊಡ್ಡದಕ್ಕೆ ಎರಡು. ಚೌಕ ತುಂಬಿದರೆ ಒಂದನ್ನು ಬಿಸಾಡದೆ ಇನ್ನೊಂದನ್ನು ಎತ್ತುವ ಹಾಗಿಲ್ಲ. ಗುಹೆಯ ತಳದಲ್ಲಿ ಬೆಳ್ಳಿಯ ವಿಗ್ರಹ ಸಿಕ್ಕಿದೆ, ಅದಕ್ಕೆ ಎರಡು ಚೌಕ ಬೇಕು. ಹಗ್ಗ ಬಿಡುವುದೋ, ಬುತ್ತಿ ಬಿಡುವುದೋ? ಮೇಲೆ ಹತ್ತಲು ಹಗ್ಗ ಬೇಕು, ಊರು ಎರಡು ದಿನದ ದಾರಿ. ಮೇಜಿನ ಸುತ್ತ ಚರ್ಚೆ ಕಾವೇರುತ್ತದೆ. ಹೊರೆ ಎಂದರೇನು ಎಂದು ಆಗ ಅರ್ಥವಾಗುತ್ತದೆ. ಪೌಂಡಿನ ಲೆಕ್ಕದಲ್ಲಿ ಇಂಥ ಚರ್ಚೆ ಹುಟ್ಟುವುದು ನಾನಂತೂ ನೋಡಿಲ್ಲ.

ಖರ್ಚಾಗುವ ಸಾಮಾನಿಗೆ ಡೇವಿಡ್ ಬ್ಲ್ಯಾಕ್ ಅವರ 'ದಿ ಬ್ಲ್ಯಾಕ್ ಹ್ಯಾಕ್' ಒಂದು ಚೆಂದದ ದಾರಿ ತೋರಿಸಿದೆ. ಎಣ್ಣೆ ಎಷ್ಟಿದೆ ಎಂದು ಅಳೆಯುವ ಬದಲು ಅದಕ್ಕೊಂದು ದಾಳ ಗೊತ್ತುಮಾಡಿ, ಎಂಟು ಮುಖದ್ದು ಎನ್ನಿ. ಬಳಸಿದಾಗಲೆಲ್ಲ ಉರುಳಿಸಿ. ಒಂದು ಅಥವಾ ಎರಡು ಬಿದ್ದರೆ ಆರು ಮುಖದ ದಾಳಕ್ಕೆ ಇಳಿಯಿರಿ, ಆಮೇಲೆ ನಾಲ್ಕು ಮುಖದ್ದಕ್ಕೆ, ಅದರಲ್ಲೂ ಒಂದೋ ಎರಡೋ ಬಿದ್ದರೆ ಎಣ್ಣೆ ಮುಗಿಯಿತು. ಕತ್ತಲಲ್ಲಿ ದೀಪ ಹಿಡಿದವನಿಗೆ ಎಣ್ಣೆ ಎಷ್ಟು ಉಳಿದಿದೆ ಎಂದು ಸರಿಯಾಗಿ ಗೊತ್ತಿರುವುದಿಲ್ಲ, ಕಡಿಮೆಯಾಗುತ್ತಿದೆ ಎಂಬ ದಿಗಿಲು ಮಾತ್ರ ಇರುತ್ತದೆ. ಈ ನಿಯಮದಲ್ಲಿ ಆ ದಿಗಿಲು ಇದೆ.

ಜಾನ್ ಹಾರ್ಪರ್ ಅವರ 'ಬ್ಲೇಡ್ಸ್ ಇನ್ ದಿ ಡಾರ್ಕ್' (2017) ಕಳ್ಳರ ಆಟ. ಅಲ್ಲಿ ಹೊರಡುವಾಗ ಹೊರೆ ಹಗುರವೇ, ಸಾಧಾರಣವೇ, ಭಾರವೇ ಎಂದಷ್ಟೇ ಹೇಳಬೇಕು. ಒಳಗೆ ಏನಿದೆ ಎಂಬುದನ್ನು ಬೇಕಾದಾಗ ಹೇಳಬಹುದು. ಪಳಗಿದ ಕಳ್ಳ ಬೀಗ ತೆಗೆಯುವ ಸಲಕರಣೆ ಮರೆತು ಬರುವುದಿಲ್ಲ, ಆಡುವವನು ಮರೆಯಬಹುದು. ಆಟಗಾರನ ಮರೆವಿಗೆ ಪಾತ್ರ ದಂಡ ತೆರಬೇಕಿಲ್ಲ ಎಂಬ ಆ ತೀರ್ಮಾನ ನನಗೆ ಬಹಳ ಹಿಡಿಸಿತು.

8. ದಾಳವನ್ನು ಅರಿತು ಆರಿಸಿ

20 ಮುಖದ ಒಂದು ದಾಳದಲ್ಲಿ ಒಂದೂ ಇಪ್ಪತ್ತೂ ಸಮ, ತಲಾ ಶೇ 5. ಸ್ಟೀವ್ ಜಾಕ್ಸನ್ ಅವರ 'ಗರ್ಪ್ಸ್' (1986) ಬಳಸುವ ಆರು ಮುಖದ ಮೂರು ದಾಳದಲ್ಲಿ 10 ಅಥವಾ 11 ಬೀಳುವ ಅವಕಾಶ ಶೇ 25, ಮೂರೂ ಒಂದೇ ಬೀಳುವುದು 216ರಲ್ಲಿ ಒಮ್ಮೆ. ಪಳಗಿದ ಕೈ ಬಹುತೇಕ ಸಲ ತನ್ನ ಮಟ್ಟಕ್ಕೆ ತಕ್ಕಂತೆಯೇ ಕೆಲಸ ಮಾಡುತ್ತದೆ ಎಂಬ ನಿಜ ಇದರಲ್ಲಿ ತಾನಾಗಿ ಬರುತ್ತದೆ, ನಿಯಮ ಬರೆಯಬೇಕಿಲ್ಲ.

ವಿನ್ಸೆಂಟ್ ಬೇಕರ್ ಮತ್ತು ಮೆಗ್ವಿ ಬೇಕರ್ ಅವರ 'ಅಪಾಕಲಿಪ್ಸ್ ವರ್ಲ್ಡ್' (2010) ಎರಡು ದಾಳ ಹಿಡಿದು ಇನ್ನೊಂದು ನಿಜ ಹೇಳಿತು. 10 ಅಥವಾ ಮೇಲೆ ಬಿದ್ದರೆ ಗೆಲುವು, 7ರಿಂದ 9 ಬಿದ್ದರೆ ಗೆಲುವೇ, ಆದರೆ ಏನೋ ಒಂದು ಬೆಲೆ ತೆರಬೇಕು. ಏನೂ ಕೂಡದಿದ್ದರೆ ಈ ನಡುವಿನ ಪಟ್ಟಿ ಬೀಳುವುದು 36ರಲ್ಲಿ 15 ಸಲ. ಕಿಟಕಿಯಿಂದ ಹಾರಿ ತಪ್ಪಿಸಿಕೊಂಡಿರಿ, ಚೀಲ ಒಳಗೇ ಉಳಿಯಿತು. ಬದುಕು ನಡೆಯುವುದು ಹೆಚ್ಚಾಗಿ ಹೀಗೆಯೇ.

9. ಅಪರೂಪದ ಸಂಗತಿಗೆ ಅಪರೂಪದ ನಿಯಮ ಬರೆಯಬೇಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2003ರ 3.5 ಆವೃತ್ತಿಯಲ್ಲಿ ಎದುರಾಳಿಯನ್ನು ತಬ್ಬಿ ಹಿಡಿಯಬೇಕೆಂದರೆ ಮೊದಲು ಅವನಿಗೆ ನಿಮ್ಮನ್ನು ಹೊಡೆಯುವ ಅವಕಾಶ, ಆಮೇಲೆ ಮುಟ್ಟುವ ದಾಳ, ಆಮೇಲೆ ಇಬ್ಬರೂ ಎದುರು ಬದುರು ದಾಳ, ಆಮೇಲೆ ಅವನ ಚೌಕದೊಳಕ್ಕೆ ಸರಿಯುವುದು. ಆಟಗಾರರು ತಬ್ಬಿ ಹಿಡಿಯುವುದನ್ನೇ ಬಿಟ್ಟರು. 2014ರಲ್ಲಿ ಅದು ಒಂದೇ ಎದುರು ಬದುರು ದಾಳಕ್ಕೆ ಇಳಿಯಿತು. ಕುಸ್ತಿಯ ಆಟ ಬರೆಯುವವರು ಪಟ್ಟುಗಳಿಗೆ ಇಡೀ ಅಧ್ಯಾಯ ಕೊಡಲಿ, ಉಳಿದವರಿಗೆ ಒಂದು ದಾಳ ಸಾಕು.

10. ತೀರ್ಪುಗಾರರನ್ನು ನಂಬಿ, ಆದರೆ ಬರಿಗೈಯಲ್ಲಿ ಕಳಿಸಬೇಡಿ

ಕೋಷ್ಟಕವೋ ವಿವೇಚನೆಯೋ ಎಂಬ ವಾದದ ಬೇರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗಿಂತ ಬಹಳ ಹಳೆಯದು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್, 'ಕ್ರೀಗ್‌ಸ್ಪೀಲ್' ಎಂಬ ಯುದ್ಧದ ಆಟವನ್ನು ಸೇನೆಯ ತರಬೇತಿಗೆಂದು ಸಿದ್ಧಪಡಿಸಿದರು. ನಕ್ಷೆ, ದಾಳ, ಸಾವುನೋವಿನ ಕೋಷ್ಟಕ, ನಡುವೆ ಒಬ್ಬ ತೀರ್ಪುಗಾರ. ವರ್ಷಗಳು ಕಳೆದಂತೆ ಕೋಷ್ಟಕದ ಹೊರೆ ಅಧಿಕಾರಿಗಳಿಗೆ ಸಾಕಾಯಿತು. 1876ರಲ್ಲಿ ಪ್ರಷ್ಯದ ಇನ್ನೊಬ್ಬ ಸೇನಾಧಿಕಾರಿ ವೆರ್ಡಿ ಡು ವೆರ್ನ್ವಾ ದಾಳ ಮತ್ತು ಕೋಷ್ಟಕವನ್ನು ಬದಿಗಿಟ್ಟು ಅನುಭವಿ ತೀರ್ಪುಗಾರನ ವಿವೇಚನೆಗೇ ಎಲ್ಲವನ್ನೂ ಬಿಡುವ ಬಗೆಯನ್ನು ಮುಂದಿಟ್ಟರು. ನಿಯಮ ಕಡಿಮೆಯಾಯಿತು, ನಿಜ ಕಡಿಮೆಯಾಗಲಿಲ್ಲ. 2008ರಲ್ಲಿ ಮ್ಯಾಟ್ ಫಿಂಚ್ ಹಳೆಯ ಶೈಲಿಯ ಆಟದ ಬಗ್ಗೆ ಕಿರುಹೊತ್ತಗೆ ಬರೆದಾಗ ನಿಯಮಕ್ಕಿಂತ ಆ ಹೊತ್ತಿನ ತೀರ್ಪೇ ಮೇಲು ಎಂಬ ಅದೇ ಮಾತನ್ನು ಎತ್ತಿಹಿಡಿದರು.

ಇದನ್ನು ಒಪ್ಪುವ ಮೊದಲು ಒಂದು ಸಂಗತಿ ನೆನಪಿರಲಿ. ವೆರ್ಡಿಯವರು ನಂಬಿದ್ದು ಯುದ್ಧ ಬಲ್ಲ ಅಧಿಕಾರಿಗಳನ್ನು. ನಿಮ್ಮ ಪುಸ್ತಕ ಕೊಳ್ಳುವುದು ಮೊದಲ ಬಾರಿ ಆಟ ನಡೆಸಲು ಹೊರಟ ಹತ್ತೊಂಬತ್ತರ ಹುಡುಗಿ ಇರಬಹುದು. 'ನಿಮ್ಮ ವಿವೇಚನೆಗೆ ಬಿಟ್ಟದ್ದು' ಎಂದು ಬರೆದು ಕೈತೊಳೆದುಕೊಂಡರೆ ಬರೆಯುವವರ ಭಾರವನ್ನು ಅವಳ ತಲೆಗೆ ಹೊರಿಸಿದಂತೆ. ಹತ್ತು ತೀರ್ಪುಗಳ ಮಾದರಿ ಕೊಡಿ: ಈ ಸಂದರ್ಭ ಬಂತು, ಹೀಗೆ ತೀರ್ಮಾನಿಸಿದೆವು, ಕಾರಣ ಇದು. ಹನ್ನೊಂದನೆಯದನ್ನು ಅವಳೇ ಸರಿಯಾಗಿ ಮಾಡುತ್ತಾಳೆ.

11. ಪದರ ಪದರವಾಗಿ ಕಟ್ಟಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ 'ಬೇಸಿಕ್' ಪುಸ್ತಕ ಕೇವಲ 64 ಪುಟ. ಮೊದಲ ಮೂರು ಮಟ್ಟ, ನೆಲಮಾಳಿಗೆಯ ಸಾಹಸ, ಅಷ್ಟೇ. ಕಾಡು ಮೇಡು ಸಮುದ್ರ ಯಾನದ ನಿಯಮ ಬೇಕೆಂದವರು 'ಎಕ್ಸ್‌ಪರ್ಟ್' ತೆಗೆದುಕೊಳ್ಳುತ್ತಿದ್ದರು. ಪಾತ್ರ ಬೆಳೆದಂತೆ ಲೋಕವೂ ನಿಯಮವೂ ಬೆಳೆಯುತ್ತಿದ್ದವು. ಗರ್ಪ್ಸ್ ಕೂಡ ಇಷ್ಟೇ ವಿವೇಕ ತೋರಿದೆ. ಅದರ ಮೂಲ ಪುಸ್ತಕಗಳು ಐನೂರು ಪುಟ ದಾಟುತ್ತವೆ, ಜೊತೆಗೆ 32 ಪುಟದ ಉಚಿತ 'ಲೈಟ್' ಆವೃತ್ತಿಯೂ ಇದೆ. ಮೇಲಿನ ಪದರ ತೆಗೆದರೂ ಕೆಳಗಿನದು ತನ್ನಷ್ಟಕ್ಕೆ ನಿಲ್ಲಬೇಕು, ಅದೊಂದೇ ಷರತ್ತು.

12. ಸರಳತೆಗೂ ಬೆಲೆಯಿದೆ, ತಿಳಿದಿರಲಿ

'ಬ್ಲೇಡ್ಸ್ ಇನ್ ದಿ ಡಾರ್ಕ್' ಬರೆದ ಹಾರ್ಪರ್ ಅವರದೇ 'ಲೇಸರ್ಸ್ ಅಂಡ್ ಫೀಲಿಂಗ್ಸ್' ಒಂದೇ ಪುಟದ ಆಟ. ಪಾತ್ರಕ್ಕೆ ಇರುವುದು ಒಂದೇ ಸಂಖ್ಯೆ, 2ರಿಂದ 5ರ ನಡುವೆ. ವಿಜ್ಞಾನದ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಭಾವದ ಕೆಲಸಕ್ಕೆ ಮೇಲೆ. ಒಂದು ಸಂಜೆಗೆ ಇದಕ್ಕಿಂತ ಚೆಂದದ್ದು ಕಡಿಮೆ. ವರ್ಷಗಟ್ಟಲೆ ಆಡಲು ಕೂತರೆ ಪಾತ್ರ ಬೆಳೆಯಲು ಜಾಗವೇ ಇರುವುದಿಲ್ಲ, ಪ್ರತಿ ಕ್ಷಣವೂ ಗೇಮ್ ಮಾಸ್ಟರ್ ಹೊಸದಾಗಿ ಏನನ್ನಾದರೂ ಹುಟ್ಟಿಸುತ್ತಿರಬೇಕು. ಒಂದು ಸಂಜೆಯ ಆಟವೋ, ಒಂದು ವರ್ಷದ ಆಟವೋ ಎಂದು ಮುಖಪುಟದಲ್ಲೇ ಹೇಳಿಬಿಡಿ.

13. ಅಪರಿಚಿತರ ಕೈಗೆ ಕೊಟ್ಟು ನೀವು ಬಾಯಿ ಮುಚ್ಚಿ ಕೂರಿ

ಗೆಳೆಯರ ಜೊತೆ ಆಡಿಸಿದ್ದು ಪರೀಕ್ಷೆಯಲ್ಲ. ಬರೆಯದೆ ಬಿಟ್ಟದ್ದನ್ನೆಲ್ಲ ನೀವು ಬಾಯಲ್ಲಿ ತುಂಬಿರುತ್ತೀರಿ. ನಿಮ್ಮ ಪರಿಚಯವಿಲ್ಲದ ನಾಲ್ವರಿಗೆ ಪುಸ್ತಕ ಕೊಡಿ, ಮೂಲೆಯಲ್ಲಿ ಕೂತು ಮೂರು ಸಂಗತಿ ಮಾತ್ರ ಬರೆದುಕೊಳ್ಳಿ: ಎಲ್ಲಿ ಪುಟ ತಿರುವಿದರು, ಯಾವ ನಿಯಮವನ್ನು ಮರೆತೇ ಆಡಿದರು, ಎಲ್ಲಿ 'ಹಾಗೆಲ್ಲಾದರೂ ಆಗುತ್ತದೆಯೇ' ಎಂದರು. ಪುಟ ತಿರುವಿದ ಕಡೆ ಸರಳಗೊಳಿಸಿ. ಮರೆತ ನಿಯಮ ಇಲ್ಲದೆಯೂ ಆಟ ಚೆನ್ನಾಗಿ ನಡೆದಿದ್ದರೆ ಅದನ್ನು ಅಳಿಸಿ. ವಿವರ ಸೇರಿಸಬೇಕಾದದ್ದು ಮೂರನೆಯ ಪಟ್ಟಿಗೆ ಮಾತ್ರ. ನಿಮ್ಮ ಕರಡು ಹತ್ತೇ ಪುಟ ಇದ್ದರೂ ಪರವಾಗಿಲ್ಲ, ಬರುವ ಭಾನುವಾರವೇ ಯಾರಾದರೂ ನಾಲ್ವರನ್ನು ಕರೆದು ಆಡಿಸಿ ನೋಡಿ.